ಬ್ರಾಂದಿ ಅಂಗಡಿಗಾಗಿ ಪಟ್ಟಣವಾಗಲು ಹೊರಟ ಊರು

2018ರ ಹೊತ್ತಿಗೆ ನಾನು ಕೆಲವು ವರ್ಷಗಳಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದೆ. ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಹೆಸರಿನಲ್ಲಿ ಅಭಿವೃದ್ಧಿಯೂ ಇದೆ, ಅಧಿಕಾರವೂ ಇದೆ. ಮೇಜಿನ ಮುಂದೆ ಮಾತ್ರ ಬೆಳಗಾದರೆ ನೀರು ಬಂದಿಲ್ಲ, ಲೈಟು ಉರೀತಿಲ್ಲ ಎಂಬ ದೂರುಗಳು. ಊರಿನ ನಿಜವಾದ ಹೆಸರು ಬೇಡ. ಈ ಕಥೆಯ ಜನ ಇನ್ನೂ ಅಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ಕೋಡಿಪಾಳ್ಯ ಅನ್ನೋಣ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಕೋಡಿಪಾಳ್ಯ ರಾಜ್ಯ ಹೆದ್ದಾರಿಯ ಪಕ್ಕದ ಊರು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಅರ್ಧ ಊರು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತದೆ, ಉಳಿದರ್ಧ ಪಾಳಿ ಕೆಲಸಕ್ಕೆ ಹೋಗುತ್ತದೆ. ನಾನು ಅಲ್ಲಿಗೆ ಹೋದಾಗಿನಿಂದ ಒಳಚರಂಡಿ ಕೊಡಿ, ನಗರ ಸಾರಿಗೆ ಬಸ್ಸು ಬಿಡಿ, ಹೆರಿಗೆಗೊಂದು ಆಸ್ಪತ್ರೆ ಮಾಡಿ ಎಂದು ಮೇಲಕ್ಕೆ ಬರೆಯುತ್ತಲೇ ಇದ್ದೆ. ಉತ್ತರ ಪ್ರತಿ ಸಲವೂ ಒಂದೇ. ನಿಮ್ಮದು ಗ್ರಾಮೀಣ ಪ್ರದೇಶ, ಈ ಯೋಜನೆ ಪಟ್ಟಣಗಳಿಗೆ ಮಾತ್ರ. ಸರಿಯಪ್ಪ, ನಾವು ಹಳ್ಳಿಯವರು ಎಂದು ನಾನೂ ಒಪ್ಪಿಕೊಂಡಿದ್ದೆ.

ಬಸ್ ಸ್ಟಾಪಿನ ತಂಗುದಾಣಕ್ಕೆ ಅಂಟಿಕೊಂಡಂತೆ ಆಂಜಿನಪ್ಪ ಎಂಬವರ ವೈನ್ ಸ್ಟೋರ್ ಇತ್ತು. ಊರಿನವರ ಬಾಯಲ್ಲಿ ಬ್ರಾಂದಿ ಅಂಗಡಿ. ಅಬಕಾರಿ ಇಲಾಖೆಯ ಭಾಷೆಯಲ್ಲಿ ಅದು ಸಿಎಲ್-2 ಸನ್ನದು, ಅಂದರೆ ಬಾಟಲಿ ಮಾರಬಹುದು, ಅಲ್ಲಿ ಕೂತು ಕುಡಿಯುವಂತಿಲ್ಲ. ಕಾನೂನು ಬಹಳ ಚೆನ್ನಾಗಿದೆ. ಅಂಗಡಿಯಲ್ಲಿ ಕೂರುವಂತಿಲ್ಲವಾದ್ದರಿಂದ ಕೊಂಡವರೆಲ್ಲ ಬಂದು ನಮ್ಮ ಪಂಚಾಯಿತಿ ಕಟ್ಟಿಸಿದ ತಂಗುದಾಣದಲ್ಲಿ ಕೂರುತ್ತಿದ್ದರು. ಬಸ್ಸಿಗೆ ಕಾಯುವ ಹೆಂಗಸರು ರಸ್ತೆಯ ಅಂಚಿನಲ್ಲಿ, ಲಾರಿಗಳ ಗಾಳಿಗೆ ಸೆರಗು ಹಿಡಿದುಕೊಂಡು ನಿಲ್ಲುತ್ತಿದ್ದರು. ಪಾಳಿ ಮುಗಿಸಿ ಕತ್ತಲಾದ ಮೇಲೆ ಅಲ್ಲಿ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಊರಿನ ಹೆಣ್ಣುಮಕ್ಕಳು ಎರಡನೇ ಪಾಳಿಯ ಕೆಲಸಕ್ಕೆ ಒಪ್ಪುತ್ತಲೇ ಇರಲಿಲ್ಲ. ಎರಡನೇ ಪಾಳಿಗೆ ಬಾರದವರನ್ನು ಕಾರ್ಖಾನೆಯವರು ಕಾಯಂ ಮಾಡುತ್ತಿರಲಿಲ್ಲ.

2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ ಐನೂರು ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದು ಆದೇಶಿಸಿತು. ಮುಂದಿನ ಮಾರ್ಚಿನಲ್ಲಿ ಅದನ್ನು ತುಸು ಸಡಿಲಿಸಿ, ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ ಇಲ್ಲದ ಊರುಗಳಿಗೆ ಇನ್ನೂರ ಇಪ್ಪತ್ತು ಮೀಟರ್ ಸಾಕು ಎಂದಿತು. ಆಂಜಿನಪ್ಪನವರ ಅಂಗಡಿಯ ಮೆಟ್ಟಿಲಿನಿಂದ ಹೆದ್ದಾರಿಗೆ ಉಗಿದರೆ ಬೀಳುವಷ್ಟು ದೂರ. ನಮ್ಮ ರಾಜ್ಯದಲ್ಲಿ ಸನ್ನದಿನ ವರ್ಷ ಜೂನ್ ಕೊನೆಗೆ ಮುಗಿಯುತ್ತದೆ. 2017ರ ಜುಲೈಯಲ್ಲಿ ಶಟರ್ ಕೆಳಗೆ ಬಂತು.

ಆಮೇಲಿನ ದಿನಗಳನ್ನು ನಾನು ಕಣ್ಣಾರೆ ನೋಡಿದವಳು. ನಮ್ಮ ಪೌರಕಾರ್ಮಿಕರು ಒಂದು ಬೆಳಿಗ್ಗೆ ತಂಗುದಾಣ ತೊಳೆದರು. ಮರುದಿನ ಅದು ಸ್ವಚ್ಛವಾಗಿ ಹಾಗೇ ಇತ್ತು. ಅದರ ಮರುದಿನವೂ ಹಾಗೇ ಇತ್ತು. ಆಗ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕಲ್ಲುಬೆಂಚಿನ ಮೇಲೆ ಕೂತರು. ಎರಡನೇ ಪಾಳಿಗೆ ಮೊದಲು ಹೆಸರು ಕೊಟ್ಟವಳು ಭಾಗ್ಯ. ಇಬ್ಬರು ಮಕ್ಕಳ ತಾಯಿ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಅವಳ ಮಾವ ಪಿಳ್ಳಪ್ಪ ಕೆಟ್ಟವರಲ್ಲ, ಆದರೆ ಹೆದರುವ ಮನುಷ್ಯ. ಅಂಗಡಿ ಮುಚ್ಚಿದ್ದರಿಂದಲೇ ಅವರು ಒಪ್ಪಿದ್ದು. ಭಾಗ್ಯಳ ಹಿಂದೆ ಉಳಿದವರೂ ಹೋದರು.

ಇಷ್ಟರಲ್ಲಿ ವಿನಾಯಿತಿಗಳ ಸುಗ್ಗಿ ಶುರುವಾಗಿತ್ತು. ಸಿಕ್ಕಿಂ ಮತ್ತು ಮೇಘಾಲಯಕ್ಕೆ ಬೆಟ್ಟಗುಡ್ಡದ ನಾಡೆಂದು ಐನೂರು ಮೀಟರಿನ ನಿಯಮದಿಂದ ಮೊದಲೇ ಬಿಡುಗಡೆ ಸಿಕ್ಕಿತ್ತು. ನಾನು ಶಿವಗಂಗೆ ಬೆಟ್ಟದ ಬುಡದಲ್ಲಿ ಹುಟ್ಟಿದವಳು, ಗುಡ್ಡದ ಕಷ್ಟ ನನಗೆ ಗೊತ್ತು, ಅದರ ಬಗ್ಗೆ ತಕರಾರಿಲ್ಲ. 2017ರ ಜುಲೈಯಲ್ಲಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಗೆ ನಿರ್ಬಂಧ ಅನ್ವಯಿಸದು ಎಂದಾಯಿತು. 2018ರ ಫೆಬ್ರುವರಿಯಲ್ಲಿ ಪಟ್ಟಣಕ್ಕೆ ಹೊಂದಿಕೊಂಡ ಪಂಚಾಯಿತಿ ಪ್ರದೇಶಗಳಿಗೂ ವಿನಾಯಿತಿ ಕೊಡಬೇಕೇ ಎಂಬುದನ್ನು ಆಯಾ ರಾಜ್ಯವೇ ವಾಸ್ತವ ಸ್ಥಿತಿ ನೋಡಿ ತೀರ್ಮಾನಿಸಲಿ ಎಂದು ಕೋರ್ಟ್ ಹೇಳಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರಿಗೆ ಅಷ್ಟು ಸಾಕಾಗಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ನನ್ನ ಮೇಜಿಗೆ ಒಂದು ಕಾಗದ ಬಂತು. ಕೋಡಿಪಾಳ್ಯ ಪಟ್ಟಣದ ಲಕ್ಷಣಗಳನ್ನು ಹೊಂದಿದೆಯೇ ಎಂದು ಪಂಚಾಯಿತಿ ವರದಿ ಕೊಡಬೇಕಂತೆ, ಅಬಕಾರಿ ಅಧಿಕಾರಿ ಸ್ಥಳಕ್ಕೆ ಬಂದು ನೋಡುತ್ತಾರಂತೆ.

ಒಳಚರಂಡಿ ಕೇಳಿದಾಗ ಹಳ್ಳಿಯಾಗಿದ್ದ ಊರು ಬ್ರಾಂದಿ ಕೇಳಿದಾಗ ಪಟ್ಟಣವಾಗಬೇಕಿತ್ತು. ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು.

ಆಂಜಿನಪ್ಪನವರನ್ನು ರಾಕ್ಷಸರಂತೆ ಚಿತ್ರಿಸುವ ಆಸೆ ನನಗಿಲ್ಲ. ಮಾತು ಮೆದು, ಕೈ ಧಾರಾಳ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವ ಮನುಷ್ಯ. ಆದರೆ ಆ ಡಿಸೆಂಬರಿನಲ್ಲಿ ಅವರು ಮಾಡಿದ ಕೆಲಸ ನೋಡಿದ್ದರೆ ನೀವೂ ಬೆರಗಾಗುತ್ತಿದ್ದಿರಿ. ಪಟ್ಟಣದ ಲಕ್ಷಣ ಬೇಕು ತಾನೇ, ಇಗೋ ಎಂದು ಸ್ವಂತ ಖರ್ಚಿನಲ್ಲಿ ಪಟ್ಟಣ ಕಟ್ಟಲು ನಿಂತರು. ಹೆದ್ದಾರಿಯುದ್ದಕ್ಕೂ ಬಿಳಿ ಎಲ್‌ಇಡಿ ದೀಪ ಹಾಕಿಸಿದರು. ಚರಂಡಿಗೆ ಕಲ್ಲುಚಪ್ಪಡಿ ಮುಚ್ಚಿಸಿದರು. ಅಂಗಡಿಯ ಪಕ್ಕದ ಖಾಲಿ ಮಳಿಗೆಗಳಿಗೆ ಬಣ್ಣ ಹೊಡೆಸಿ ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್ ಎಂದು ಬೋರ್ಡು ಏರಿಸಿದರು. ಒಳಗೆ ಮೊಬೈಲೂ ಇರಲಿಲ್ಲ, ಪಾರ್ಲರೂ ಇರಲಿಲ್ಲ. ಹಸುಗಳನ್ನು ರಸ್ತೆ ಬದಿಗೆ ಕಟ್ಟಬೇಡಿ ಎಂದು ಮನೆಮನೆಗೂ ಹೇಳಿ ಕಳಿಸಿದರು. ನಾನು ವರ್ಷಗಟ್ಟಲೆ ಬೇಡಿದರೂ ಬಾರದ ಅಭಿವೃದ್ಧಿ ಕೆಲವೇ ದಿನಗಳಲ್ಲಿ ಬಂದು ನಿಂತಿತ್ತು. ಇಷ್ಟೆಲ್ಲ ಮಾಡಿದವರು ತಾವು ಮಾತ್ರ ಮಕ್ಕಳ ಶಾಲೆಗೆ ಅನುಕೂಲ ಎಂದು ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡಿದ್ದರು. ಕೋಡಿಪಾಳ್ಯದ ಹಳೇ ಮನೆಯಲ್ಲಿ ಇದ್ದವರು ಅವರ ತಾಯಿ ಮುನಿಯಮ್ಮ, ಅವರ ಎರಡು ಹಸು ಮತ್ತು ಹೊಲ.

ಒಂದು ದಿನ ಆಂಜಿನಪ್ಪ ವರದಿಯನ್ನು ತಾವೇ ಟೈಪ್ ಮಾಡಿಸಿಕೊಂಡು ಬಂದರು. ನಾನು ಸಹಿ ಹಾಕಿದರೆ ಮುಗಿಯಿತು.

"ಮೇಡಂ, ಊರು ಬೆಳೀಬೇಕಲ್ವಾ? ನೀವೇ ಹೇಳ್ತಿದ್ರಲ್ಲ, ಲೈಟಿಲ್ಲ, ಚರಂಡಿ ಇಲ್ಲ ಅಂತ. ನೋಡಿ, ಎಲ್ಲಾ ಮಾಡಿಸ್ಬಿಟ್ಟೆ."

"ಲೈಟಿಗೆ ಥ್ಯಾಂಕ್ಸ್ ಆಂಜಿನಪ್ಪನವರೇ, ಅದನ್ನ ಬರೆದು ಕೊಡ್ತೀನಿ. ಇದಕ್ಕೆ ಸಹಿ ಹಾಕಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ನಗುತ್ತಲೇ ಎದ್ದು ಹೋದರು. ಆದರೆ ಅದೇ ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನ್ ಬಂತು. ನನಗಿಂತ ದೊಡ್ಡ ಹುದ್ದೆಯವರು, ಹಿತೈಷಿಯಂತೆಯೇ ಮಾತಾಡಿದರು. ನಿವೃತ್ತಿಗೆ ಹತ್ತಿರ ಇದ್ದೀರಿ, ಮನೆ ಹತ್ತಿರದ ಪೋಸ್ಟಿಂಗು, ಯಾಕೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ವರದಿ ಕೊಡುತ್ತೇನೆ ಸಾರ್, ಸ್ಥಳ ಪರಿಶೀಲನೆ ಮುಗಿದ ಮೇಲೆ, ನನ್ನ ಕೈಯಲ್ಲೇ ಬರೆದು ಕೊಡುತ್ತೇನೆ ಎಂದೆ.

ಸುದ್ದಿ ಊರಿಗೆ ಮೊದಲೇ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಭಾಗ್ಯ ಕಚೇರಿಗೆ ಬಂದಳು. ಅಳುತ್ತಾಳೇನೋ ಎಂದುಕೊಂಡಿದ್ದೆ, ಅಳಲಿಲ್ಲ. ಅಂಗಡಿ ಮತ್ತೆ ತೆರೆದ ದಿನವೇ ಕೆಲಸ ಬಿಡಬೇಕೆಂದು ಮಾವ ಹೇಳಿದ್ದಾರೆ, ಕಾಯಂ ಆಗುವುದು ಇನ್ನೇನು ಬಂತು, ಗಂಡನ ಆಟೊ ಸರಿಯಾಗಿ ಓಡುವುದಿಲ್ಲ, ಮಗಳನ್ನು ಹೈಸ್ಕೂಲಿಗೆ ಸೇರಿಸಿದ್ದಾಗಿದೆ ಎಂದು ಒಂದೊಂದಾಗಿ ಹೇಳಿದಳು. ತನ್ನ ಜೊತೆಯವರ ಮನೆಗಳಲ್ಲೂ ಇದೇ ಮಾತು ನಡೆಯುತ್ತಿದೆ ಎಂದಳು.

"ಮೇಡಂ, ನಮ್ಗೆ ಟೌನೂ ಬೇಡ, ಹಳ್ಳೀನೂ ಬೇಡ. ಬಸ್ಸಿಳಿದು ಮನೇಗ್ ಹೋಗಕ್ಕೆ ಒಂದ್ ಜಾಗ ಬೇಕು ಅಷ್ಟೇ."

ಇಡೀ ಕಡತದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಇನ್ನೊಂದಿರಲಿಲ್ಲ. ಅವಳಿಗೆ ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ನನ್ನ ಸಹಿ ನನ್ನದು, ಅದನ್ನು ಯಾರೂ ಹಾಕಿಸಿಕೊಳ್ಳಲಾರರು ಎಂದಷ್ಟೇ ಹೇಳಿದೆ.

ಪರಿಶೀಲನೆಯ ದಿನ ಬಂತು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಅಬಕಾರಿ ಅಧಿಕಾರಿ, ವಯಸ್ಸು ಚಿಕ್ಕದು, ಮಾತು ಕಡಿಮೆ. ಅವರ ಜೀಪಿನಲ್ಲೇ ನಾನೂ ಕೂತಿದ್ದೆ. ಆಂಜಿನಪ್ಪ ತಮ್ಮ ಕಾರಿನಲ್ಲಿ ಮುಂದೆ ಹೋಗಿ ಅಂಗಡಿಯ ಹತ್ತಿರ ಹೂವಿನ ಹಾರ ಹಿಡಿದು ಕಾಯುವುದೆಂದು ಮಾತಾಗಿತ್ತು. ಊರಿನ ಬಾಗಿಲಿಗೆ ಬರುತ್ತಿದ್ದಂತೆ ಹೊಳೆಯುವ ಕಂಬಗಳು, ಬಣ್ಣದ ಬೋರ್ಡುಗಳು. ಪರವಾಗಿಲ್ವೇ, ಚೆನ್ನಾಗಿ ಬೆಳೆದಿದೆ ಎಂದು ಅಧಿಕಾರಿ ಹೇಳಿದರು. ಇನ್ನು ಅಂಗಡಿ ತೆರೆದಂತೆಯೇ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ತಂಗುದಾಣ ಇನ್ನೇನು ಬಂತು ಎನ್ನುವಾಗ ಜೀಪಿನ ಅಡಿಯಲ್ಲಿ ಸರಸರ ಸದ್ದಾಯಿತು. ಆಮೇಲೆ ಕರಕರ ಅಂದಿತು. ಡ್ರೈವರ್ ಬ್ರೇಕ್ ಒತ್ತಿ ಇಳಿದು ಬಗ್ಗಿ ನೋಡಿ ತಲೆ ಚಚ್ಚಿಕೊಂಡ.

ಹುರುಳಿ. ಮುಚ್ಚಿದ ಬ್ರಾಂದಿ ಅಂಗಡಿಯ ಎದುರಿಗೇ ಹೆದ್ದಾರಿಯ ಅರ್ಧಕ್ಕೆ ಒಣಗಿದ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹರಡುತ್ತಾರೆ. ಲಾರಿ, ಬಸ್ಸು ಅದರ ಮೇಲೆ ಓಡಿ ಓಡಿ ಒಕ್ಕಣೆ ಪುಕ್ಕಟೆಯಾಗಿ ಆಗಿಹೋಗುತ್ತದೆ. ಬೈಕಿನವರು ಜಾರಿ ಬೀಳುತ್ತಾರೆಂದು ಪ್ರತಿ ಸುಗ್ಗಿಯಲ್ಲೂ ನಾನು ತಮಟೆ ಹೊಡೆಸಿ ಎಚ್ಚರಿಸುತ್ತಿದ್ದೆ, ಪ್ರತಿ ಸುಗ್ಗಿಯಲ್ಲೂ ಯಾರೂ ಕೇಳುತ್ತಿರಲಿಲ್ಲ. ಹುರುಳಿಯ ಬಳ್ಳಿ ಬೇರೆ, ಗಾಡಿಯ ಅಚ್ಚಿಗೆ ಸುತ್ತಿಕೊಂಡರೆ ಬಿಡಿಸುವುದು ಬಲು ಕಷ್ಟ. ಸರ್ಕಾರಿ ಜೀಪು ನಟ್ಟನಡು ರಸ್ತೆಯಲ್ಲಿ ನಿಂತಿತು.

ನಮಗಿಂತ ಒಂದು ನಿಮಿಷ ಮುಂಚೆಯಷ್ಟೇ ಬಂದಿದ್ದ ಆಂಜಿನಪ್ಪ, ಅದನ್ನು ತೆಗೆಸಲು ಹೊತ್ತು ಸಾಲದೆ, ಹಾರ ಹಿಡಿದುಕೊಂಡೇ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡಿದ ನೋಟದಲ್ಲಿ, ಇದು ನಿನ್ನದೇ ಕೆಲಸ ಎಂದು ಬರೆದಿತ್ತು. ಆಣೆ ಮಾಡಿ ಹೇಳುತ್ತೇನೆ, ನಾನು ಮಾಡಿಸಿದ್ದಲ್ಲ. ಮಾಡಿಸುವಷ್ಟು ಬುದ್ಧಿ ನನಗೆ ಹೊಳೆದಿದ್ದರೆ ಖಂಡಿತ ಮಾಡಿಸುತ್ತಿದ್ದೆ.

ಯಾರದು ಇದು ಎಂದು ಅಧಿಕಾರಿ ಕೇಳುವಷ್ಟರಲ್ಲಿ ಕುಡುಗೋಲು ಹಿಡಿದು ಮುನಿಯಮ್ಮ ಬಂದರು. ಊರಿನವರಿಗೆಲ್ಲ ಹಸು ಕಟ್ಟಬೇಡಿ ಎಂದು ಹೇಳಿ ಕಳಿಸಿದ ಮಗ, ತನ್ನ ತಾಯಿಯ ಹೊಲದಲ್ಲಿ ಹುರುಳಿ ಒಣಗಿದೆಯೇ ಎಂದು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆಯುವುದಾದರೂ ಹೇಗೆ? ಅವರು ಟೌನಿನಲ್ಲಿದ್ದರು. ಮುದುಕಿ ಯಾರಿಗೂ ಹೆದರದೆ ಜೀಪಿನ ಪಕ್ಕ ಕೂತು, ಕೈ ಒಳಗೆ ಹಾಕಿ ಬಳ್ಳಿ ಕುಯ್ಯತೊಡಗಿದರು. ಒಂದು ಕಾಳೂ ಚೆಲ್ಲದಂತೆ ಬಳ್ಳಿಯನ್ನು ಮಡಿಲಿಗೇ ಎಳೆದುಕೊಳ್ಳುತ್ತಿದ್ದರು.

ಅಧಿಕಾರಿ ಇಳಿದು ಮೆಲ್ಲಗೆ ಕೇಳಿದರು. "ಯಾಕಜ್ಜಿ, ರಸ್ತೆ ಮೇಲೆ ಹಾಕ್ತೀರಾ? ಕಣದಲ್ಲಿ ಒಕ್ಕಬಾರ್ದಾ?"

"ಕಣ ಎಲ್ಲೈತಪ್ಪಾ?" ಮುನಿಯಮ್ಮ ತಲೆ ಎತ್ತದೆ ಕುಡುಗೋಲಿನಿಂದ ಶಟರಿನ ಕಡೆ ತೋರಿಸಿದರು. "ನಮ್ಮ ಕಣ ಇದ್ದ ಜಾಗ್ದಲ್ಲೇ ಇವ್ನು ಬ್ರಾಂದಿ ಅಂಗಡಿ ಕಟ್ಟವ್ನೆ. ಅವತ್ತಿಂದ ನಂಗೆ ಈ ರಸ್ತೇನೆ ಕಣ."

ಆಂಜಿನಪ್ಪ ಅವ್ವಾ ಅವ್ವಾ ಎನ್ನುತ್ತಿದ್ದರು. ತಂಗುದಾಣದಲ್ಲಿ ಮಧ್ಯಾಹ್ನದ ಪಾಳಿಗೆ ಹೊರಟ ಹೆಂಗಸರು ಟಿಫಿನ್ ಚೀಲ ಹಿಡಿದು ಕೂತಿದ್ದರು, ಭಾಗ್ಯಳೂ ಇದ್ದಳು. ಅಧಿಕಾರಿ ಅವರ ಹತ್ತಿರ ಹೋಗಿ ಏನೇನೋ ವಿಚಾರಿಸಿದರು. ಬ್ಯೂಟಿ ಪಾರ್ಲರಿಗೆ ಎಷ್ಟು ಜನ ಬರುತ್ತಾರೆ ಎಂದಾಗ ಹೆಂಗಸರು ನಕ್ಕುಬಿಟ್ಟರು. ಆಮೇಲೆ ಅವರು ತಾವೇ ಹೋಗಿ ಆ ಮಳಿಗೆಯ ಶಟರ್ ಎತ್ತಿಸಿದರು. ಒಳಗೆ ಹಿಂಡಿ ಮೂಟೆಗಳಿದ್ದವು.

ಅವತ್ತು ಸಂಜೆಯೇ ಕೂತು ವರದಿ ಬರೆದೆ. ಕೋಡಿಪಾಳ್ಯ ಹಳ್ಳಿ, ಅಕ್ಕಪಕ್ಕದ ಪಟ್ಟಣಕ್ಕೂ ಅದಕ್ಕೂ ನಡುವೆ ಹೊಲಗಳಿವೆ, ಜನರ ಜೀವನ ಹೊಲ, ಹಸು ಮತ್ತು ಪಾಳಿ ಕೆಲಸದಿಂದ ನಡೆಯುತ್ತಿದೆ ಎಂದೆ. ಈ ಊರನ್ನು ಪಟ್ಟಣವೆಂದು ಪರಿಗಣಿಸುವುದು ಸರ್ಕಾರದ ಇಚ್ಛೆಯಾದರೆ, ಪಂಚಾಯಿತಿ ಈಗಾಗಲೇ ಕೇಳಿರುವ ಒಳಚರಂಡಿ, ನಗರ ಸಾರಿಗೆ ಮತ್ತು ಹೆರಿಗೆ ಆಸ್ಪತ್ರೆಯನ್ನು ಮೊದಲು ಮಂಜೂರು ಮಾಡಿ, ಮದ್ಯದಂಗಡಿಯ ವಿಷಯವನ್ನು ಅನಂತರ ಪರಿಶೀಲಿಸಬೇಕೆಂದು ಕೋರಿದೆ. ಕೊನೆಯ ವಾಕ್ಯ ತೆಗೆಯಿರಿ, ಉದ್ಧಟತನ ಅನಿಸುತ್ತೆ ಎಂದು ಕರಡು ನೋಡಿದ ಮೇಲಿನ ಕಚೇರಿಯಿಂದ ಮತ್ತೆ ಫೋನ್ ಬಂತು. ಅನಿಸಿದರೆ ಅನಿಸಲಿ ಎಂದು ಅದಕ್ಕೂ ಸಹಿ ಹಾಕಿ ಕಳಿಸಿದೆ.

ಅಬಕಾರಿ ಅಧಿಕಾರಿ ಏನು ಬರೆದರೋ ನನಗೆ ತಿಳಿಯದು. ಪ್ರಸ್ತಾವ ವಾಪಸ್ ಬಂತು, ಶಟರ್ ಮೇಲೇಳಲಿಲ್ಲ. ಬೇಸಿಗೆ ಕಳೆದ ಮೇಲೆ ನನಗೆ ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಕಡೆಯ ಪಂಚಾಯಿತಿಗೆ ವರ್ಗವಾಯಿತು. ಸಾರ್ವಜನಿಕ ಹಿತದೃಷ್ಟಿಯಿಂದ ಎಂದು ಆದೇಶದಲ್ಲಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು, ಮಂಡಿನೋವು ಬೇರೆ. ಯಾರ ಹತ್ತಿರವೂ ಹೋಗಿ ರದ್ದು ಮಾಡಿಸಿ ಎಂದು ಕೇಳಲಿಲ್ಲ. ಮೊದಲ ದಿನ ಬಸ್ಸಿನಲ್ಲಿ ಕೂತಾಗ ಭಾಗ್ಯಳ ಫೋನ್ ಬಂತು. ಅವಳು ಕಾಯಂ ಆಗಿದ್ದಳು. ಮಂಡಿನೋವು ಅವತ್ತಿನ ಮಟ್ಟಿಗೆ ನೆನಪಾಗಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಗೆದ್ದ ಕಥೆಯಾಗುತ್ತಿತ್ತು. ಆದರೆ ನಾನು ನಿವೃತ್ತಳಾದ ಮೇಲೆ ಪಟ್ಟಣದ ಗಡಿಗಳು ಹಿಗ್ಗಿ, ಕೋಡಿಪಾಳ್ಯ ಪಕ್ಕದ ಪಟ್ಟಣ ಪಂಚಾಯಿತಿಗೆ ನಿಜವಾಗಿಯೂ ಸೇರಿಹೋಯಿತು. ಒಳಚರಂಡಿ ಬರಲಿಲ್ಲ, ಆಸ್ಪತ್ರೆ ಬರಲಿಲ್ಲ. ಬ್ರಾಂದಿ ಅಂಗಡಿ ಬಂತು. ಈ ಸಲ ಎಲ್ಲವೂ ಕಾನೂನುಬದ್ಧ. ಭಾಗ್ಯ ಫೋನ್ ಮಾಡಿ ಏನಾದರೂ ದಾರಿ ಇದೆಯೇ ಎಂದು ಕೇಳಿದಾಗ, ನನಗೆ ತಿಳಿದ ಮಟ್ಟಿಗೆ ಕಾನೂನಿನಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೇಳಬೇಕಾಯಿತು. ಅವಳು ಮಾತ್ರ, ಆಯ್ತು ಬುಡಿ ಮೇಡಂ, ನಾವ್ ನೋಡ್ಕೊತೀವಿ ಎಂದು ಫೋನಿಟ್ಟಳು.

ಕೆಲವು ತಿಂಗಳ ನಂತರ ಒಂದು ಮದುವೆಗೆಂದು ಆ ಕಡೆ ಹೋದವಳು ಕೋಡಿಪಾಳ್ಯದಲ್ಲಿ ಇಳಿದೆ. ಪಾಳಿ ಬದಲಾಗುವ ಹೊತ್ತು. ಅಂಗಡಿ ತೆರೆದಿತ್ತು. ತಂಗುದಾಣ ಖಾಲಿಯಾಗಿತ್ತು. ಮತ್ತೆ ನೋಡಿದರೆ, ಹೆಂಗಸರೆಲ್ಲ ಬ್ರಾಂದಿ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದಾರೆ. ಕೆಲವರು ಸೊಪ್ಪು ಬಿಡಿಸುತ್ತಿದ್ದಾರೆ. ಪಿಳ್ಳಪ್ಪನವರೂ ಒಂದು ಬದಿಗೆ ಕೂತು ಬೀಡಿ ಸೇದುತ್ತಿದ್ದಾರೆ. ಬೆಳಿಗ್ಗೆ ಹೋಗುವವರು, ಮಧ್ಯಾಹ್ನ ಹೋಗುವವರು, ಇಳಿದು ಬರುವವರು, ಎಲ್ಲರೂ ಈಗ ಅಲ್ಲೇ ಕೂರುವುದಂತೆ. ಜಗಳವಿಲ್ಲ, ಘೋಷಣೆಯಿಲ್ಲ. ಬಸ್ಸಿಗೆ ಕಾಯುವವರನ್ನು ಯಾವ ಪೊಲೀಸು ಎಬ್ಬಿಸುತ್ತಾನೆ?

ನಾನು ನಿಂತಿರುವಾಗಲೇ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ಬೈಕ್ ನಿಲ್ಲಿಸಿ ಮೆಟ್ಟಿಲ ತನಕ ಬಂದ. ಅಲ್ಲಿ ಅವನ ಅತ್ತಿಗೆ ಕೂತಿದ್ದಳು, ಸೋದರತ್ತೆ ಕೂತಿದ್ದಳು, ಪಕ್ಕದ ಮನೆಯ ಸೊಸೆ ಕೂತಿದ್ದಳು.

"ಏನ್ ಬಾವ, ಏನ್ ಬೇಕಾಗಿತ್ತು?" ಭಾಗ್ಯ ಬಹಳ ಮರ್ಯಾದೆಯಿಂದ ಕೇಳಿದಳು.

"ಏನಿಲ್ಲ ಕಣಮ್ಮ. ಬಸ್ ಬಂತಾ ಅಂತ ನೋಡಕ್ ಬಂದೆ."

ಬೈಕಿನಲ್ಲಿ ಬಂದವನು ಬಸ್ಸು ನೋಡಿಕೊಂಡು ಹೊರಟುಹೋದ. ಕೌಂಟರಿನ ಹಿಂದೆ ಕೂತಿದ್ದ ಆಂಜಿನಪ್ಪ ನನ್ನನ್ನು ಗುರುತಿಸಿ ಕೈಮುಗಿದರು, ನಾನೂ ಮುಗಿದೆ.

ನನ್ನ ನೌಕರಿಯುದ್ದಕ್ಕೂ ಆದೇಶ ಎಂದರೆ ಕಲ್ಲಿನ ಮೇಲೆ ಕೆತ್ತಿದ್ದು ಎಂದೇ ನಂಬಿ ದುಡಿದೆ. ಕೋಡಿಪಾಳ್ಯ ನನಗೆ ಬೇರೆ ಕಲಿಸಿತು. ಆದೇಶ ಸಡಿಲವಾಗುತ್ತದೆ, ವಿನಾಯಿತಿ ಯಾವುದಾದರೊಂದು ಬಾಗಿಲಿನಿಂದ ಬಂದೇ ಬರುತ್ತದೆ. ನಮ್ಮಂಥವರು ಮೊಂಡುಬಿದ್ದರೆ ಅದನ್ನು ಒಂದಷ್ಟು ಕಾಲ ತಡೆಯಬಹುದು, ಅಷ್ಟೇ. ಆ ಒಂದಷ್ಟು ಕಾಲದಲ್ಲಿ ಈ ಹೆಂಗಸರು ತಮ್ಮ ಜಾಗದಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡುಬಿಟ್ಟಿದ್ದರು. ಇನ್ನು ಅವರನ್ನು ಎಬ್ಬಿಸಲು ಯಾರು ಯಾವ ಕೋರ್ಟಿಗೆ ಹೋಗುತ್ತಾರೋ ಹೋಗಲಿ.